‘ಬ್ಲೇಡ್ ರನ್ನರ್’ ಚಲನಚಿತ್ರದ ಪಾಠಭೇದಗಳು

೧

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಪಾಠಾಂತರವೆಂಬುದು ಹೊಸ ಮಾತಲ್ಲ. ಒಂದೇ ಕಾವ್ಯದ ಹಲವು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತಾಗ, ಇವುಗಳಲ್ಲಿ ಕವಿ ಬರೆದುದು ಯಾವುದು, ಲಿಪಿಕಾರನು ಕೈತಪ್ಪಿ ಬರೆದುದು ಯಾವುದು, ಮತ್ತಾರೋ ಸೇರಿಸಿದುದು ಯಾವುದು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಚಲನಚಿತ್ರದ ವಿಷಯದಲ್ಲಿ ಇಂಥ ಪ್ರಶ್ನೆಗಳಿಗೆ ಎಡೆಯಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚಿತ್ರದ ಪ್ರತಿಗಳು ಯಂತ್ರದಿಂದ ಸಿದ್ಧವಾಗತಕ್ಕವು. ಯಂತ್ರಕ್ಕೆ ಕಣ್ಣು ಮಂಜಾಗುವುದಿಲ್ಲ, ನಿದ್ದೆ ಬರುವುದಿಲ್ಲ. ಆದುದರಿಂದ ಒಂದು ಪ್ರತಿ ಇದ್ದಂತೆಯೇ ಮತ್ತೊಂದು ಇರಬೇಕು ಎಂಬುದು ಈ ಭಾವನೆಗೆ ಆಧಾರ. ಈ ಆಧಾರವು ಎಷ್ಟು ದುರ್ಬಲವಾದುದೆಂಬುದಕ್ಕೆ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಬ್ಲೇಡ್ ರನ್ನರ್’ ಒಳ್ಳೆಯ ನಿದರ್ಶನವಾಗಿದೆ.

ಈ ಚಿತ್ರವು ೧೯೮೨ರ ಜೂನ್ ೨೫ರಂದು ಅಮೆರಿಕದಲ್ಲಿ ತೆರೆ ಕಂಡಿತು. ಅಂದು ಹಣವೂ ಬರಲಿಲ್ಲ, ವಿಮರ್ಶಕರ ಒಮ್ಮತವೂ ದೊರೆಯಲಿಲ್ಲ. ಆದರೆ ಕಾಲ ಕಳೆದಂತೆ ಅದರ ಸುತ್ತ ಅಭಿಮಾನಿಗಳ ಒಂದು ಬಳಗವೇ ಬೆಳೆಯಿತು. ಮನೆಮನೆಗೆ ವೀಡಿಯೊ ಕ್ಯಾಸೆಟ್ಟು ಬಂದ ಮೇಲೆ, ಚಿತ್ರವನ್ನು ಬೇಕೆಂದಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಒಂದೊಂದು ದೃಶ್ಯವನ್ನೂ ಹತ್ತು ಸಲ ನೋಡುವ ಅನುಕೂಲ ಇವರಿಗೆ ಒದಗಿತು. ಹೀಗೆ ನೋಡಿದವರು ಎರಡು ವಿಷಯಗಳನ್ನು ಕಂಡುಕೊಂಡರು. ಚಿತ್ರದಲ್ಲಿ ಬಿಡಿಸಲಾಗದ ಕೆಲವು ಒಗಟುಗಳಿವೆ ಎಂಬುದು ಒಂದು; ಎಲ್ಲರೂ ನೋಡಿದ ಚಿತ್ರ ಒಂದೇ ಅಲ್ಲ ಎಂಬುದು ಇನ್ನೊಂದು. ಈ ಎರಡಕ್ಕೂ ಇರುವ ಸಂಬಂಧವನ್ನು ಮಾತ್ರ ಅವರ ಚರ್ಚೆಗಳು ಸಾಕಷ್ಟು ಗಮನಿಸಲಿಲ್ಲವೆಂದು ನಮಗೆ ತೋರುತ್ತದೆ. ಆ ಸಂಬಂಧವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಫಿಲಿಪ್ ಕೆ. ಡಿಕ್ ೧೯೬೮ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯೇ ಈ ಚಿತ್ರದ ಕಥೆಗೆ ಮೂಲ. ಚಿತ್ರಕಥೆಯನ್ನು ಬರೆದವರು ಹ್ಯಾಂಪ್ಟನ್ ಫ್ಯಾಂಚರ್ ಮತ್ತು ಡೇವಿಡ್ ಪೀಪಲ್ಸ್. ಕಥೆ ನಡೆಯುವುದು ೨೦೧೯ರ ನವೆಂಬರಿನ ಲಾಸ್ ಏಂಜಲೀಸ್ ನಗರದಲ್ಲಿ. ೧೯೮೨ರ ಪ್ರೇಕ್ಷಕನಿಗೆ ಅದು ಭವಿಷ್ಯ, ನಮಗೆ ಕಳೆದುಹೋದ ಕಾಲ. ಟೈರೆಲ್ ಎಂಬಾತನ ಸಂಸ್ಥೆಯು ಮನುಷ್ಯರನ್ನೇ ಹೋಲುವ ‘ರೆಪ್ಲಿಕಂಟ್’ಗಳೆಂಬ ಕೃತಕ ಮಾನವರನ್ನು ನಿರ್ಮಿಸಿ, ಅನ್ಯಗ್ರಹಗಳ ವಸಾಹತುಗಳಲ್ಲಿ ಅವರನ್ನು ಗುಲಾಮರಂತೆ ದುಡಿಸುತ್ತಿದೆ. ಇವರ ಆಯುಸ್ಸು ನಾಲ್ಕೇ ವರ್ಷ. ಭೂಮಿಗೆ ತಪ್ಪಿಸಿಕೊಂಡು ಬಂದವರನ್ನು ಹುಡುಕಿ ಕೊಲ್ಲುವುದು ‘ಬ್ಲೇಡ್ ರನ್ನರ್’ ಎಂಬ ಪೋಲೀಸಿನವರ ಕೆಲಸ. ಅಂಥವರಲ್ಲಿ ಒಬ್ಬನಾದ ಡೆಕರ್ಡ್ ಕಥಾನಾಯಕ. ಮನುಷ್ಯ ಯಾರು, ಕೃತಕ ಯಾರು ಎಂದು ತಿಳಿಯಲು ಒಂದು ಪರೀಕ್ಷೆಯುಂಟು: ಅನುಕಂಪವನ್ನು ಕೆರಳಿಸತಕ್ಕ ಪ್ರಶ್ನೆಗಳನ್ನು ಕೇಳಿ, ಕಣ್ಣಿನ ಪಾಪೆಯ ಚಲನೆಯನ್ನು ಯಂತ್ರದಿಂದ ಅಳೆಯುವುದು. ರೇಚಲ್ ಎಂಬ ಯುವತಿಯು ತಾನು ಮನುಷ್ಯಳೆಂದೇ ನಂಬಿರುವಳು. ಅವಳ ನೆನಪುಗಳು ಟೈರೆಲ್ಲನ ಸೋದರ ಸಂಬಂಧಿಯೊಬ್ಬಳಿಂದ ತೆಗೆದು ನೆಟ್ಟವು. ತಪ್ಪಿಸಿಕೊಂಡು ಬಂದವರ ನಾಯಕನಾದ ರಾಯ್, ಹೆಚ್ಚಿನ ಆಯುಸ್ಸನ್ನು ಬೇಡಲು ತನ್ನ ನಿರ್ಮಾತೃವಾದ ಟೈರೆಲ್ಲನ ಬಳಿಗೆ ಹೋಗಿ, ಅದು ದೊರೆಯದೆಂದು ತಿಳಿದಾಗ ಅವನನ್ನು ಕೊಲ್ಲುವನು. ಕೊನೆಗೆ ಮಳೆಯಲ್ಲಿ, ಮಾಳಿಗೆಯ ಅಂಚಿನಲ್ಲಿ ಜೋತು ಬಿದ್ದಿರುವ ಡೆಕರ್ಡನನ್ನು ಇದೇ ರಾಯ್ ಕೈಹಿಡಿದು ಎತ್ತಿ ಉಳಿಸಿ, ತನ್ನ ಅವಧಿ ಮುಗಿದುದರಿಂದ ಅಲ್ಲಿಯೇ ಕುಳಿತು ಸಾಯುವನು.

ಈ ಚಿತ್ರದ ಪಾಠಗಳಲ್ಲಿ ಮುಖ್ಯವಾದವು ನಾಲ್ಕು. ಮೊದಲನೆಯದು ೧೯೮೨ರ ಮಾರ್ಚಿಯಲ್ಲಿ ಡೆನ್ವರ್ ಮತ್ತು ಡಲ್ಲಾಸ್ ನಗರಗಳಲ್ಲಿ ಪರೀಕ್ಷಾರ್ಥವಾಗಿ ತೋರಿಸಿದ ಕರಡು ಪ್ರತಿ. ಅದನ್ನು ನೋಡಿದವರಿಗೆ ಕಥೆ ತಿಳಿಯಲಿಲ್ಲ, ಮುಕ್ತಾಯ ಹಿಡಿಸಲಿಲ್ಲ. ಇದರಿಂದ ಕಳವಳಗೊಂಡ ಹಣ ಹೂಡಿದವರು, ಚಿತ್ರದ ಉದ್ದಕ್ಕೂ ಡೆಕರ್ಡನ ದನಿಯಲ್ಲಿ ಹಿನ್ನೆಲೆಯ ನಿರೂಪಣೆಯನ್ನೂ, ನಾಯಕ ನಾಯಿಕೆಯರು ಹಸುರು ಬೆಟ್ಟಗಳ ನಡುವೆ ಸುಖವಾಗಿ ಸಾಗಿ ಹೋಗುವ ಮುಕ್ತಾಯವನ್ನೂ ಸೇರಿಸಿದರು. ಈ ಬೆಟ್ಟಗಳ ನೋಟ ಕೂಡ ಎರವಲಿನದು: ಸ್ಟಾನ್ಲಿ ಕ್ಯೂಬ್ರಿಕ್ ತನ್ನ ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆಸಿ, ಬಳಸದೆ ಉಳಿಸಿದ್ದ ತುಣುಕುಗಳು ಅವು. ಹೀಗೆ ಸಿದ್ಧವಾದುದು ಎರಡನೆಯ ಪಾಠ. ೧೯೮೨ರಲ್ಲಿ ಚಿತ್ರಮಂದಿರಗಳಲ್ಲಿ ಎಲ್ಲರೂ ನೋಡಿದುದು ಇದನ್ನೇ. ಅಮೆರಿಕದ ಹೊರಗೆ ತೋರಿಸಿದ ಪ್ರತಿಯಲ್ಲಿ ಹಿಂಸೆಯ ಕೆಲವು ಕ್ಷಣಗಳು ಹೆಚ್ಚಾಗಿದ್ದುವಾದರೂ, ಅದನ್ನು ಇದೇ ಪಾಠದ ಒಂದು ಶಾಖೆಯೆಂದು ಗಣಿಸಬಹುದು. ೧೯೯೦-೯೧ರಲ್ಲಿ ಹಳೆಯ ಕರಡು ಪ್ರತಿಯು ಮತ್ತೆ ಬೆಳಕಿಗೆ ಬಂದು ಜನರನ್ನು ಸೆಳೆದುದರ ಫಲವಾಗಿ, ೧೯೯೨ರಲ್ಲಿ ‘ನಿರ್ದೇಶಕನ ಪಾಠ’ವೆಂಬ ಹೆಸರಿನ ಮೂರನೆಯದು ಹೊರಬಂದಿತು. ಇದರಲ್ಲಿ ನಿರೂಪಣೆಯಿಲ್ಲ, ಸುಖದ ಮುಕ್ತಾಯವಿಲ್ಲ. ಆದರೆ ಡೆಕರ್ಡನು ಪಿಯಾನೋ ಮುಂದೆ ಕುಳಿತಿರುವಾಗ ಕಾಣುವ ಯೂನಿಕಾರ್ನಿನ, ಎಂದರೆ ಹಣೆಯಲ್ಲಿ ಒಂಟಿಕೊಂಬುಳ್ಳ ಕಾಲ್ಪನಿಕ ಕುದುರೆಯ, ಕನಸೊಂದು ಸೇರಿದೆ. ಸ್ಕಾಟನ ಸೂಚನೆಗಳನ್ನು ಅನುಸರಿಸಿದುದಾದರೂ ಈ ಪಾಠವು ಅವನಿಗೆ ಪೂರ್ಣ ತೃಪ್ತಿಯನ್ನು ಕೊಡಲಿಲ್ಲ. ೨೦೦೭ರಲ್ಲಿ ಅವನ ಸಂಪೂರ್ಣ ಅಧಿಕಾರದಲ್ಲಿ ಸಿದ್ಧವಾದ ‘ಅಂತಿಮ ಪಾಠ’ವೇ ನಾಲ್ಕನೆಯದು.

೩

ಈ ಪಾಠಗಳ ನಡುವಣ ವ್ಯತ್ಯಾಸಗಳೆಲ್ಲ ಒಂದೇ ಜಾತಿಯವಲ್ಲ. ನಮ್ಮ ಗ್ರಂಥಸಂಪಾದಕರು ಅನುಸರಿಸುವ ವಿವೇಕವನ್ನು ಇಲ್ಲಿಯೂ ಬಳಸಿ, ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು: ಸ್ಖಾಲಿತ್ಯ, ಪ್ರಕ್ಷೇಪ, ಕರ್ತೃಪರಿಷ್ಕಾರ. ಅಜಾಗರೂಕತೆಯಿಂದಲೋ ಅನುಕೂಲದ ಕೊರತೆಯಿಂದಲೋ ಉಳಿದುಕೊಂಡ ತಪ್ಪು ಸ್ಖಾಲಿತ್ಯ. ಕರ್ತೃವಿನ ಒಪ್ಪಿಗೆಯಿಲ್ಲದೆ ಹೊರಗಿನವರು ಸೇರಿಸಿದುದು ಪ್ರಕ್ಷೇಪ. ಕರ್ತೃವೇ ಮುಂದೆ ಬದಲಾಯಿಸಿದುದು ಪರಿಷ್ಕಾರ. ಮೊದಲನೆಯದನ್ನು ತಿದ್ದಬೇಕು, ಎರಡನೆಯದನ್ನು ಬೇರ್ಪಡಿಸಬೇಕು, ಮೂರನೆಯದನ್ನು ತೂಗಿ ನೋಡಬೇಕು. ಅಭಿಮಾನಿಗಳ ವಾದವಿವಾದಗಳಲ್ಲಿ ಕಾಣುವ ಗೊಂದಲವು ಬಹುಮಟ್ಟಿಗೆ ಈ ಮೂರನ್ನು ಒಂದರೊಡನೊಂದು ಬೆರೆಸಿದುದರ ಫಲ.

ಸ್ಖಾಲಿತ್ಯಕ್ಕೆ ಪ್ರಸಿದ್ಧವಾದ ಉದಾಹರಣೆ ಲೆಕ್ಕದ ಒಗಟು. ೧೯೮೨ರ ಮತ್ತು ೧೯೯೨ರ ಪಾಠಗಳಲ್ಲಿ ಪೋಲೀಸು ಅಧಿಕಾರಿಯಾದ ಬ್ರಯಂಟನು ಆರು ಮಂದಿ ರೆಪ್ಲಿಕಂಟ್‌ಗಳು ತಪ್ಪಿಸಿಕೊಂಡು ಬಂದರೆಂದೂ, ಅವರಲ್ಲಿ ಒಬ್ಬನು ವಿದ್ಯುತ್ತಿನ ಬೇಲಿಗೆ ಸಿಕ್ಕಿ ಸತ್ತನೆಂದೂ ಹೇಳುವನು. ಉಳಿಯಬೇಕಾದವರು ಐವರು, ತೆರೆಯ ಮೇಲೆ ಕಾಣುವವರು ನಾಲ್ವರು. ಹಾಗಾದರೆ ಆ ಐದನೆಯವನು ಯಾರು? ಡೆಕರ್ಡನೇ ಅವನೆಂದೂ, ಹಿಡಿದು ತಂದು ಹೊಸ ನೆನಪುಗಳನ್ನು ತುಂಬಿ ತನ್ನವರ ಮೇಲೆಯೇ ಅವನನ್ನು ಬಿಟ್ಟಿರುವರೆಂದೂ ಅನೇಕರು ವಾದಿಸಿದರು. ಊಹೆ ಸೊಗಸಾದುದು, ಆದರೆ ಪಾಠವು ಅದಕ್ಕೆ ಒತ್ತಾಸೆಯಾಗುವುದಿಲ್ಲ. ಜೋರಾ ಎಂಬವಳನ್ನು ಕೊಂದ ಮೇಲೆ ಬ್ರಯಂಟನು ಇನ್ನು ನಾಲ್ವರು ಉಳಿದಿರುವರೆಂದು ಹೇಳುತ್ತಾನೆ. ಮೂವರೆಂದು ಡೆಕರ್ಡನು ತಿದ್ದಲು, ರೇಚಲ್ಲಳನ್ನೂ ಸೇರಿಸಿದರೆ ನಾಲ್ವರೆಂದು ಬ್ರಯಂಟನು ವಿವರಿಸುತ್ತಾನೆ. ಈ ಎರಡನೆಯ ಲೆಕ್ಕವು ನಾಲ್ವರ ಗುಂಪಿಗೆ ಮಾತ್ರ ಹೊಂದುತ್ತದೆ. ಅಂದಮೇಲೆ ಮೊದಲನೆಯದೇ ತಪ್ಪು. ತಪ್ಪಿನ ಕಾರಣವೂ ತಿಳಿದಿದೆ: ಚಿತ್ರಕಥೆಯಲ್ಲಿದ್ದ ಮೇರಿ ಎಂಬ ಐದನೆಯ ಪಾತ್ರವನ್ನು ಕೈಬಿಟ್ಟರು, ಅವಳಿದ್ದಾಗಿನ ಸಂಖ್ಯೆ ಮಾತ್ರ ಹಾಗೆಯೇ ಉಳಿಯಿತು. ೨೦೦೭ರ ಪಾಠದಲ್ಲಿ ಸತ್ತವರ ಸಂಖ್ಯೆಯನ್ನು ಎರಡೆಂದು ತಿದ್ದಲಾಗಿದೆ. ಅಂತರಂಗ ಪ್ರಮಾಣ, ಬಹಿರಂಗ ಪ್ರಮಾಣ ಎರಡೂ ಹೀಗೆ ಕೂಡಿ ಬಂದಲ್ಲಿ ಒಗಟು ಒಗಟಾಗಿ ಉಳಿಯುವುದಿಲ್ಲ.

ಇದೇ ವರ್ಗಕ್ಕೆ ಸೇರಿದ ಇತರ ತಿದ್ದುಪಾಟುಗಳೂ ಉಂಟು. ಜೋರಾ ಗಾಜುಗಳನ್ನು ಒಡೆದುಕೊಂಡು ಬೀಳುವ ದೃಶ್ಯದಲ್ಲಿ ಹಿಂದೆ ಬದಲಿ ನಟಿಯ ಮುಖವು ಸ್ಪಷ್ಟವಾಗಿ ಕಾಣುತ್ತಿದ್ದಿತು. ೨೦೦೭ರಲ್ಲಿ ಜೋಅನ್ನಾ ಕ್ಯಾಸಿಡಿಯ ಮುಖವನ್ನೇ ಅಲ್ಲಿ ಕೂಡಿಸಿದರು. ಹಾವಿನ ವ್ಯಾಪಾರಿಯೊಡನೆ ಡೆಕರ್ಡನು ಆಡುವ ಮಾತಿಗೂ ಅವನ ತುಟಿಗಳ ಚಲನೆಗೂ ಹೊಂದಿಕೆಯಿರಲಿಲ್ಲ. ಹ್ಯಾರಿಸನ್ ಫೋರ್ಡನ ಮಗನಿಂದ ಆ ಮಾತುಗಳನ್ನಾಡಿಸಿ, ಅವನ ತುಟಿಗಳನ್ನು ತಂದೆಯ ಮುಖಕ್ಕೆ ಜೋಡಿಸಿದರು. ರಾಯ್ ಸಾಯುವಾಗ ಅವನ ಕೈಯಿಂದ ಹಾರಿಹೋಗುವ ಪಾರಿವಾಳವು, ಮಳೆಗಾಲದ ಕತ್ತಲೆಯಿಂದ ಹೊರಟು ತಿಳಿನೀಲಿಯ ಆಕಾಶವನ್ನು ಸೇರುತ್ತಿದ್ದಿತು. ಈಗ ಅದು ಕತ್ತಲೆಯ ಆಕಾಶದಲ್ಲಿಯೇ ಹಾರುತ್ತದೆ. ಆ ನೀಲಿಯಲ್ಲಿ ಮೋಕ್ಷದ ಸಂಕೇತವನ್ನು ಕಂಡಿದ್ದ ಪ್ರೇಕ್ಷಕರಿಗೆ ಈ ಕೊನೆಯ ಬದಲಾವಣೆ ನೋವನ್ನುಂಟುಮಾಡಿತು. ಆದರೂ ಇವುಗಳನ್ನು ತಿದ್ದಿದುದು ಉಚಿತವೆಂದೇ ನಮ್ಮ ಅಭಿಪ್ರಾಯ.

೪

ಪ್ರಕ್ಷೇಪದ ವಿಷಯಕ್ಕೆ ಬರೋಣ. ಹಿನ್ನೆಲೆಯ ನಿರೂಪಣೆಯು ಪ್ರಕ್ಷೇಪವೇ ಅಲ್ಲವೇ ಎಂಬುದು ಮೊದಲ ನೋಟಕ್ಕೆ ಕಂಡಷ್ಟು ಸರಳವಲ್ಲ. ಇಂಥ ನಿರೂಪಣೆಯ ವಿಚಾರವು ಚಿತ್ರಕಥೆಯ ಹಂತದಲ್ಲಿಯೇ ಇದ್ದಿತು. ರಾಯ್ ಸತ್ತ ಸಂದರ್ಭದಲ್ಲಿ ಕರಡು ಪ್ರತಿಯಲ್ಲಿಯೂ ಅದರ ಒಂದು ತುಣುಕು ಇದೆ. ೧೯೪೦ರ ದಶಕದ ಅಮೆರಿಕದ ಪತ್ತೇದಾರಿ ಚಿತ್ರಗಳ ಜಾಡಿಗೆ ಅದು ಒಗ್ಗುವುದೂ ನಿಜ. ೧೯೮೨ರಲ್ಲಿ ಚಿತ್ರವನ್ನು ಮೊದಲು ನೋಡಿದ ಹಲವರು ಇಂದಿಗೂ ಅದರ ಪರವಾಗಿ ನಿಲ್ಲುವುದು ಈ ಕಾರಣದಿಂದಲೇ. ಆದರೆ ವಸ್ತುವು ಮೂಲದಲ್ಲಿ ಇದ್ದಿತೆಂದ ಮಾತ್ರಕ್ಕೆ, ಪ್ರೇಕ್ಷಕರಿಗೆ ಕಥೆ ತಿಳಿಯಲಿಲ್ಲವೆಂದು ಅವಸರದಲ್ಲಿ ಬರೆಯಿಸಿ ಸೇರಿಸಿದ ಮಾತುಗಳು ಮೂಲವಾಗುವುದಿಲ್ಲ.

ಇದನ್ನು ಒಂದು ಸಂದರ್ಭದಲ್ಲಿ ಪರೀಕ್ಷಿಸಬಹುದು. ರಾಯ್ ಕುಳಿತು ತಲೆಬಾಗಿ ಸಾಯುತ್ತಾನೆ, ಡೆಕರ್ಡನು ನೋಡುತ್ತಿದ್ದಾನೆ. ಅವನ ಮುಖದ ಮೇಲೆ ಮಳೆಯ ನೀರು, ಮಾತಿಲ್ಲ. ೧೯೮೨ರ ಪಾಠದಲ್ಲಿ ಈ ಮೌನದ ಮೇಲೆ ನಿರೂಪಣೆಯು ಹರಿಯುತ್ತದೆ: ಇವನು ನನ್ನನ್ನೇಕೆ ಉಳಿಸಿದನು ಎಂಬ ಪ್ರಶ್ನೆಯನ್ನು ತಾನೇ ಎತ್ತಿ, ಕೊನೆಯ ಗಳಿಗೆಯಲ್ಲಿ ಅವನಿಗೆ ಜೀವದ ಮೇಲೆ, ಯಾರ ಜೀವವೇ ಆಗಲಿ, ಪ್ರೀತಿ ಹುಟ್ಟಿರಬಹುದೆಂದು ಡೆಕರ್ಡನು ತಾನೇ ಉತ್ತರ ಕೊಡುತ್ತಾನೆ. ಉತ್ತರ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವ್ಯಂಗ್ಯವಾಗಬೇಕಾದುದು ಇಲ್ಲಿ ವಾಚ್ಯವಾಗಿದೆ. ಪ್ರೇಕ್ಷಕನ ಮನಸ್ಸಿನಲ್ಲಿ ಅರಳಬೇಕಾದ ಅರ್ಥವನ್ನು ಕಿತ್ತು ಅವನ ಕೈಯಲ್ಲಿಟ್ಟಂತಾಗಿದೆ. ಸುಖದ ಮುಕ್ತಾಯದ ದೋಷವೂ ಇದೇ ಬಗೆಯದು. ಮಳೆ, ಹೊಗೆ, ಕತ್ತಲೆಗಳ ಲೋಕದಲ್ಲಿ ಎರಡು ಗಂಟೆಗಳ ಕಾಲ ನಮ್ಮನ್ನಿರಿಸಿ, ರೇಚಲ್ಲಳಿಗೆ ಆಯುಸ್ಸಿನ ಮಿತಿಯೇ ಇಲ್ಲವೆಂದು ಕೊನೆಯ ಕ್ಷಣದಲ್ಲಿ ಸಮಾಧಾನ ಹೇಳಿದರೆ, ಮರಣದ ಅರಿವನ್ನೇ ಸ್ಥಾಯಿಯಾಗಿ ಉಳ್ಳ ಕೃತಿಯು ತನ್ನನ್ನು ತಾನೇ ಅಲ್ಲಗಳೆದಂತಾಗುತ್ತದೆ.

ಪ್ರಕ್ಷೇಪವನ್ನು ಬೇರ್ಪಡಿಸುವುದೆಂದರೆ ಸುಟ್ಟುಬಿಡುವುದಲ್ಲ. ಪುಣೆಯ ಭಂಡಾರಕರ್ ಸಂಸ್ಥೆಯ ಮಹಾಭಾರತ ಪರಿಷ್ಕರಣದಲ್ಲಿ, ಗಣಪತಿಯು ವ್ಯಾಸರ ಲಿಪಿಕಾರನಾದ ಕಥೆಯನ್ನು ಮೂಲದಿಂದ ತೆಗೆದು ಅನುಬಂಧಕ್ಕೆ ಸೇರಿಸಿದರು, ಕಥೆ ನಷ್ಟವಾಗಲಿಲ್ಲ. ಹಾಗೆಯೇ ‘ಬ್ಲೇಡ್ ರನ್ನರ್’ನ ಐದು ಪ್ರತಿಗಳನ್ನು ೨೦೦೭ರ ಡಿಸೆಂಬರಿನಲ್ಲಿ ಒಂದೇ ಪೆಟ್ಟಿಗೆಯಲ್ಲಿ ಪ್ರಕಟಿಸಿದುದು ಮೆಚ್ಚತಕ್ಕ ಕಾರ್ಯ. ಕರ್ತೃವಿನ ಅಂತಿಮ ಪಾಠವನ್ನು ಕೊಡುವಾಗ ಉಳಿದ ಪಾಠಗಳನ್ನು ಮುಚ್ಚಿಡದಿದ್ದುದರಿಂದಲೇ ಇಂಥ ತೌಲನಿಕ ವಿಚಾರ ಸಾಧ್ಯವಾಗಿದೆ.

೫

ಮೂರನೆಯ ವರ್ಗವಾದ ಕರ್ತೃಪರಿಷ್ಕಾರದಲ್ಲಿ ನಿರ್ಣಯವು ಕಷ್ಟವಾಗುತ್ತದೆ. ಕರ್ತೃವಿನ ಕೊನೆಯ ಮಾತೇ ಶ್ರೇಷ್ಠವೆಂಬ ನಿಯಮವನ್ನು ಕಣ್ಣು ಮುಚ್ಚಿ ಒಪ್ಪಲಾಗದೆಂಬುದಕ್ಕೆ ಒಂದೇ ಪದದ ಪಾಠಾಂತರವನ್ನು ನೋಡಬಹುದು. ರಾಯ್ ಟೈರೆಲ್ಲನ ಎದುರು ನಿಂತು ಹೆಚ್ಚಿನ ಆಯುಸ್ಸನ್ನು ಕೇಳುವಾಗ, ೧೯೮೨ರ ಚಿತ್ರಮಂದಿರದ ಪಾಠದಲ್ಲಿ ಅವನನ್ನು ಒಂದು ಹೊಲಸು ಬೈಗುಳಿನಿಂದ ಸಂಬೋಧಿಸುತ್ತಾನೆ. ೨೦೦೭ರ ಪಾಠದಲ್ಲಿ ಅದೇ ಎಡೆಯಲ್ಲಿ ‘ಫಾದರ್’, ಎಂದರೆ ತಂದೆ, ಎಂಬ ಮಾತಿದೆ. ಇಂಗ್ಲಿಷಿನಲ್ಲಿ ಈ ಎರಡು ಪದಗಳ ಉಚ್ಚಾರಣೆ ಹತ್ತಿರ ಹತ್ತಿರವಾದುದು. ಹಳೆಯ ಪಾಠದಲ್ಲಿ ನಾವು ಬೈಗುಳನ್ನು ಕೇಳುತ್ತೇವೆ. ಅದರ ಹಿಂದೆ ‘ತಂದೆ’ ಎಂಬ ಧ್ವನಿಯೂ ಮಿಂಚಿ ಮರೆಯಾಗುತ್ತದೆ. ಗುಲಾಮನ ರೋಷ, ಮಗನ ಬೇಡಿಕೆ ಎರಡೂ ಒಂದೇ ಪದದಲ್ಲಿವೆ. ಹೊಸ ಪಾಠದಲ್ಲಿ ಮಗನು ಮಾತ್ರ ಉಳಿದಿದ್ದಾನೆ. ಕ್ಲಿಷ್ಟವಾದ ಪಾಠವೇ ಗ್ರಾಹ್ಯವೆಂಬ ಸಂಪಾದಕರ ಸೂತ್ರವು ಕರ್ತೃವಿನ ಎರಡು ಪಾಠಗಳ ನಡುವೆ ನೇರವಾಗಿ ಅನ್ವಯಿಸದಿದ್ದರೂ, ಇಲ್ಲಿ ಹಳೆಯದೇ ಹೆಚ್ಚು ಶಕ್ತಿಯುತವಾದುದೆಂದು ನಾವು ಭಾವಿಸುತ್ತೇವೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಗುರಿಯಾದ ಯೂನಿಕಾರ್ನಿನ ಪ್ರಸಂಗ. ಚಿತ್ರದ ಕೊನೆಯಲ್ಲಿ ಡೆಕರ್ಡನು ರೇಚಲ್ಲಳೊಡನೆ ಮನೆ ಬಿಟ್ಟು ಹೊರಡುವಾಗ, ಕಾಗದವನ್ನು ಮಡಿಸಿ ಮಾಡಿದ ಒಂದು ಪುಟ್ಟ ಯೂನಿಕಾರ್ನ್ ಅವನಿಗೆ ನೆಲದ ಮೇಲೆ ಸಿಗುತ್ತದೆ. ಇಂಥ ಆಕೃತಿಗಳನ್ನು ಮಾಡುವುದು ಅವನ ಜೊತೆಯ ಪೋಲೀಸಿನವನಾದ ಗ್ಯಾಫನ ಹವ್ಯಾಸ. ಈ ಆಕೃತಿಯು ಎಲ್ಲ ಪಾಠಗಳಲ್ಲಿಯೂ ಇದೆ. ಕನಸು ಮಾತ್ರ ೧೯೯೨ರ ಮತ್ತು ೨೦೦೭ರ ಪಾಠಗಳಲ್ಲಿದೆ. ಕನಸಿಲ್ಲದ ಪಾಠದಲ್ಲಿ ಆಕೃತಿಯ ಅರ್ಥ ಸ್ಪಷ್ಟ: ಗ್ಯಾಫನು ಬಂದಿದ್ದನು, ರೇಚಲ್ಲಳನ್ನು ಕಂಡನು, ಕೊಲ್ಲದೆ ಹೋದನು, ಲೋಕದಲ್ಲಿ ಇಲ್ಲದ ಆ ಸುಂದರ ಪ್ರಾಣಿಯು ರೇಚಲ್ಲಳಿಗೆ ಸಂಕೇತ. ಕನಸು ಸೇರಿದ ಕೂಡಲೆ ಅದೇ ಕಾಗದದ ಚೂರು ಡೆಕರ್ಡನ ಕಡೆಗೆ ತಿರುಗುತ್ತದೆ. ಅವನು ಯಾರಿಗೂ ಹೇಳದ ಕನಸು ಗ್ಯಾಫನಿಗೆ ಹೇಗೆ ತಿಳಿಯಿತು? ರೇಚಲ್ಲಳ ನೆನಪುಗಳು ಡೆಕರ್ಡನಿಗೆ ತಿಳಿದಿದ್ದಂತೆಯೇ, ಇವನ ಕನಸೂ ನೆಟ್ಟದ್ದಾಗಿ ದಾಖಲೆಯಲ್ಲಿರಬೇಕಲ್ಲವೆ? ಒಂದು ಸಣ್ಣ ದೃಶ್ಯವನ್ನು ಸೇರಿಸುವುದರಿಂದ, ಮುಟ್ಟದೆ ಬಿಟ್ಟ ಇನ್ನೊಂದು ದೃಶ್ಯದ ಅರ್ಥವು ಹೀಗೆ ಬದಲಾಗಿದೆ.

ಈ ಕನಸು ಸ್ಕಾಟನು ೧೯೮೫ರಲ್ಲಿ ಹೊರತಂದ ‘ಲೆಜೆಂಡ್’ ಚಿತ್ರದಿಂದ ಉಳಿದ ತುಣುಕೆಂಬ ಮಾತು ಅಭಿಮಾನಿಗಳಲ್ಲಿ ಬಹುಕಾಲ ಹಬ್ಬಿದ್ದಿತು. ಅದು ನಿಜವಲ್ಲ, ಈ ಚಿತ್ರಕ್ಕಾಗಿಯೇ ತೆಗೆದ ದೃಶ್ಯವದು. ಆದುದರಿಂದ ಅದನ್ನು ಪ್ರಕ್ಷೇಪವೆಂದು ತಳ್ಳಿಹಾಕುವಂತಿಲ್ಲ. ಆದರೆ ೧೯೮೨ರ ಪಾಠವನ್ನು ಮಾತ್ರ ನೋಡಿದವನು ‘ಡೆಕರ್ಡನು ಮನುಷ್ಯ’ ಎಂದಾಗ, ೨೦೦೭ರದನ್ನು ನೋಡಿದವನು ‘ಕನಸನ್ನು ಮರೆತೆಯಾ?’ ಎಂದು ಮೂದಲಿಸುವುದು ನ್ಯಾಯವಲ್ಲ. ಅವರಿಬ್ಬರೂ ಓದಿದ ಗ್ರಂಥವೇ ಬೇರೆ. ಒಂದು ಪಾಠದ ಲೆಕ್ಕದ ತಪ್ಪನ್ನೂ ಇನ್ನೊಂದು ಪಾಠದ ಕನಸನ್ನೂ ಕೂಡಿಸಿ ಮಾಡಿದ ಸಿದ್ಧಾಂತವು, ೧೯೯೨ರ ಪಾಠವೊಂದನ್ನು ಬಿಟ್ಟರೆ ಬೇರೆ ಯಾವ ಪ್ರತಿಯಲ್ಲಿಯೂ ಒಟ್ಟಿಗೆ ಇಲ್ಲದ ಅಂಶಗಳ ಮೇಲೆ ನಿಂತಿದೆ.

೬

ಎಲ್ಲ ಪಾಠಗಳಿಗೂ ಸಮಾನವಾದ ಭಾಗವು ಈ ಪ್ರಶ್ನೆಯನ್ನು ಕುರಿತು ಏನು ಹೇಳುತ್ತದೆ? ಡೆಕರ್ಡನ ಮನೆಯಲ್ಲಿ ಹಳೆಯ ಭಾವಚಿತ್ರಗಳು ತುಂಬಿವೆ. ರೆಪ್ಲಿಕಂಟ್‌ಗಳೂ ಭಾವಚಿತ್ರಗಳಿಗೆ ಅಂಟಿಕೊಂಡವರು. ಒಂದು ದೃಶ್ಯದಲ್ಲಿ, ರೇಚಲ್ಲಳ ಹಿಂದೆ ಮಸುಕಾಗಿ ನಿಂತ ಡೆಕರ್ಡನ ಕಣ್ಣುಗಳು ಕ್ಷಣಕಾಲ ಕೆಂಪಾಗಿ ಹೊಳೆಯುತ್ತವೆ. ಹೀಗೆ ಹೊಳೆಯುವುದು ಚಿತ್ರದಲ್ಲಿ ಕೃತಕ ಜೀವಿಗಳ ಲಕ್ಷಣ. ಇದಕ್ಕೆ ಪ್ರತಿಯಾಗಿ, ಅವನು ಹೋರಾಡುವ ಪ್ರತಿಯೊಬ್ಬ ರೆಪ್ಲಿಕಂಟ್‌ನಿಂದಲೂ ಹೊಡೆತ ತಿನ್ನುವನು. ಅವರ ಬಲದಲ್ಲಿ ಒಂದಂಶವೂ ಅವನಿಗಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು, ಆ ಪರೀಕ್ಷೆಗೆ ನೀನು ಎಂದಾದರೂ ಒಳಗಾಗಿರುವೆಯಾ ಎಂದು ರೇಚಲ್ ಅವನನ್ನು ಕೇಳುವ ಸಂದರ್ಭ. ಉತ್ತರ ಬರುವುದಿಲ್ಲ. ಅವನು ನಿದ್ದೆ ಹೋಗಿದ್ದಾನೆ. ಎಂದರೆ ಕೃತಿಯು ಪ್ರಶ್ನೆಯನ್ನು ತಾನೇ ಎತ್ತಿ, ಉತ್ತರವನ್ನು ಉದ್ದೇಶಪೂರ್ವಕವಾಗಿ ತಡೆಹಿಡಿದಿದೆ. ಸಂದೇಹವು ಎಲ್ಲ ಪಾಠಗಳಿಗೂ ಸೇರಿದ್ದು. ನಿಶ್ಚಯವು ಯಾವ ಪಾಠಕ್ಕೂ ಸೇರಿದ್ದಲ್ಲ.

ನಿಶ್ಚಯವು ಇರುವುದು ಕೃತಿಯ ಹೊರಗೆ. ಡೆಕರ್ಡನು ರೆಪ್ಲಿಕಂಟೇ ಎಂದು ಸ್ಕಾಟನು ೨೦೦೦ದಲ್ಲಿ ಬ್ರಿಟನ್ನಿನ ದೂರದರ್ಶನದ ಸಾಕ್ಷ್ಯಚಿತ್ರವೊಂದರಲ್ಲಿ ಸ್ಪಷ್ಟವಾಗಿ ಹೇಳಿದನು. ಆ ಪಾತ್ರವನ್ನು ವಹಿಸಿದ ಫೋರ್ಡನು ಚಿತ್ರೀಕರಣದ ಕಾಲದಲ್ಲಿ ಇದಕ್ಕೆ ಒಪ್ಪಿರಲಿಲ್ಲ. ಚಿತ್ರಕಥೆಗಾರ ಫ್ಯಾಂಚರ್ ಸಂದೇಹವೇ ಉಳಿಯಲಿ ಎಂಬ ಪಕ್ಷದವನು. ೨೦೧೭ರಲ್ಲಿ ಬಂದ ಮುಂದಿನ ಚಿತ್ರವೂ ಇದನ್ನು ಇತ್ಯರ್ಥಗೊಳಿಸಲಿಲ್ಲ. ಹಲವು ಕೈಗಳಿಂದಾದ ಕೃತಿಯಲ್ಲಿ ಒಬ್ಬನ ಹೇಳಿಕೆಗೆ ಎಷ್ಟು ಬೆಲೆ? ರಾಯ್ ಸಾಯುವ ಮುನ್ನ ಆಡುವ ಪ್ರಸಿದ್ಧವಾದ ಮಾತುಗಳನ್ನು ಆ ಪಾತ್ರಧಾರಿ ರಟ್ಗರ್ ಹೌಅರ್ ತಾನೇ ಕತ್ತರಿಸಿ, ಕೊನೆಯ ಸಾಲನ್ನು ತಾನೇ ಕಟ್ಟಿದನು. ಆ ಮಾತುಗಳು ಎಲ್ಲ ಪಾಠಗಳಲ್ಲಿಯೂ ನಿಂತಿವೆ. ಅವನ್ನು ಪ್ರಕ್ಷೇಪವೆಂದು ಯಾರೂ ಹೇಳುವುದಿಲ್ಲ. ಕೃತಿಯೊಳಗೆ ಬಂದು ಸೇರಿದ ಮಾತಿಗೆ ಪ್ರಮಾಣವುಂಟು. ಸಂದರ್ಶನದಲ್ಲಿ ಹೇಳಿದುದು, ಕವಿಯು ತನ್ನ ಕಾವ್ಯಕ್ಕೆ ಬರೆದ ವ್ಯಾಖ್ಯಾನದಂತೆ, ಗೌರವಾರ್ಹವಾದ ಒಂದು ಅಭಿಪ್ರಾಯ.

ಇದು ಬರಿಯ ಒಗಟಿನ ಬಿಡಿಸುವಿಕೆಯಾಗಿದ್ದರೆ ಇಷ್ಟು ವಿಚಾರ ಅಗತ್ಯವಿರಲಿಲ್ಲ. ಕೃತಿಯ ಹೃದಯವೇ ಇದಕ್ಕೆ ಸಂಬಂಧಿಸಿದೆ. ಅನುಕಂಪವಿದ್ದವನು ಮನುಷ್ಯ, ಇಲ್ಲದವನು ಕೃತಕ ಎಂಬುದು ಆ ಲೋಕದ ಕಾನೂನು. ಈ ಕಾನೂನನ್ನು ಹಿಡಿದು ಕೊಲ್ಲುವವನು ಡೆಕರ್ಡ್. ಅನುಕಂಪವಿಲ್ಲವೆಂದು ತೀರ್ಮಾನಿಸಲ್ಪಟ್ಟ ರಾಯ್, ತನ್ನವರನ್ನು ಕೊಂದವನನ್ನು ಸಾಯುವ ಗಳಿಗೆಯಲ್ಲಿ ಎತ್ತಿ ಉಳಿಸುತ್ತಾನೆ. ಡೆಕರ್ಡನು ಮನುಷ್ಯನಾದರೆ, ಈ ಕಾರ್ಯವು ಮನುಷ್ಯಕುಲದ ಎದುರಿಗೇ ಹಿಡಿದ ಕನ್ನಡಿ. ಅವನು ನಿಶ್ಚಯವಾಗಿ ರೆಪ್ಲಿಕಂಟನಾದರೆ, ಕೃತಕನೊಬ್ಬನು ಕೃತಕನನ್ನು ಉಳಿಸಿದಂತಾಗಿ, ನಾಚಿಕೆಪಡಬೇಕಾದ ಮನುಷ್ಯನು ತೆರೆಯಿಂದಲೇ ಮಾಯವಾಗುತ್ತಾನೆ. ನೋಡುವ ನಾವೂ ಸುಲಭವಾಗಿ ಪಾರಾಗುತ್ತೇವೆ. ಸಂದೇಹವು ಉಳಿದಲ್ಲಿ ಮಾತ್ರ, ಪರೀಕ್ಷೆ ಮಾಡುವವನು ತಾನು ಆ ಪರೀಕ್ಷೆಯಲ್ಲಿ ಉತ್ತೀರ್ಣನಾಗುವನೇ ಎಂಬ ಪ್ರಶ್ನೆಯು ಡೆಕರ್ಡನನ್ನೂ ನಮ್ಮನ್ನೂ ಒಟ್ಟಿಗೆ ತಟ್ಟುತ್ತದೆ. ಕನಸನ್ನು ನಾವು ಸ್ವಾಗತಿಸುವುದು ಅದು ಈ ಸಂದೇಹವನ್ನು ಬೆಳೆಸುವಷ್ಟರ ಮಟ್ಟಿಗೆ. ಅದನ್ನು ತೀರ್ಪೆಂದು ಓದುವವರೊಡನೆ ನಮಗೆ ಸಹಮತವಿಲ್ಲ.

ಒಟ್ಟಿನ ಮೇಲೆ, ಸ್ಖಾಲಿತ್ಯಗಳು ನೀಗಿರುವ ಮತ್ತು ಪ್ರಕ್ಷೇಪಗಳು ತೊಲಗಿರುವ ೨೦೦೭ರ ಪಾಠವನ್ನೇ ಆಧಾರವಾಗಿಟ್ಟುಕೊಳ್ಳುವುದು ಲೇಸು. ಅದರಲ್ಲಿಯೂ ಪ್ರತಿಯೊಂದು ಪರಿಷ್ಕಾರವನ್ನು ಹಳೆಯ ಪಾಠದೊಡನೆ ಹೋಲಿಸಿ ನೋಡಬೇಕು. ಈ ಚಿತ್ರವನ್ನು ತರಗತಿಯಲ್ಲಿ ಚರ್ಚಿಸುವ ಅಧ್ಯಾಪಕರೂ, ಪ್ರಬಂಧಕ್ಕೆ ವಸ್ತುವಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಗಳೂ, ತಾವು ನೋಡಿದುದು ಯಾವ ಪಾಠವೆಂಬುದನ್ನು ಮೊದಲಲ್ಲಿಯೇ ನಮೂದಿಸುವ ಪದ್ಧತಿಯನ್ನು ಇಟ್ಟುಕೊಂಡರೆ, ವಾದಗಳಲ್ಲಿ ಅರ್ಧದಷ್ಟಾದರೂ ತಾವಾಗಿಯೇ ಶಮನವಾಗುವುವು. ಉಳಿದರ್ಧವು ಕೃತಿಯೇ ಬಯಸಿ ಉಳಿಸಿದ್ದು. ಅದನ್ನು ಮುಗಿಸುವ ಆತುರ ನಮಗೆ ಬೇಡ.